ಬಣ್ಣ ಹಚ್ಚುವ ಮುಂಚೆ ಗೋಡೆ ಮುಟ್ಟಿ ನೋಡಿ

ಮಹಾನವಮಿ ಹತ್ತಿರ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಮನೆ ತೊಳೆಯುವ ಗದ್ದಲ ಶುರುವಾಗುತ್ತದೆ. ಹಾಸಿಗೆ, ಕೌದಿ ಎಲ್ಲ ಹೊಳೆಗೋ ಕೆರೆಗೋ ಹೋಗುತ್ತವೆ, ಪಾತ್ರೆಗಳು ಅಂಗಳಕ್ಕೆ ಬರುತ್ತವೆ, ಗೋಡೆಗೆ ಸುಣ್ಣವೋ ಬಣ್ಣವೋ ಆಗಲೇಬೇಕು. ಅಂಗಡಿಗೆ ಬಂದವರು ಕೇಳುವುದು ಸಾಮಾನ್ಯವಾಗಿ ಒಂದೇ: “ಯಾವ ಕಲರ್ ಚೊಲೊ ಕಾಣ್ತೈತ್ರಿ?” ಅಂಗಡಿಯವರು ಬಣ್ಣದ ಪುಸ್ತಕ ಬಿಚ್ಚುತ್ತಾರೆ, ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ. ಪಳಗಿದ ಪೇಂಟರ್ ಮನೆಗೆ ಬಂದರೆ ಬಣ್ಣದ ಮಾತನ್ನೇ ಎತ್ತುವುದಿಲ್ಲ. “ಗ್ವಾಡಿ ಯಾತರದ್ದೈತ್ರಿ? ಹಿಂದ ಏನ್ ಹಚ್ಚಿಸಿದ್ರಿ?” ಎನ್ನುತ್ತ ಗೋಡೆಯ ಮೇಲೆ ಅಂಗೈ ಉಜ್ಜಿ ನೋಡುತ್ತಾನೆ. ದುಡ್ಡು ಉಳಿಯುವುದೂ ಹೋಗುವುದೂ ಅಲ್ಲಿಯೇ ತೀರ್ಮಾನವಾಗುತ್ತದೆ.

ಅಂಗೈ ಬೆಳ್ಳಗಾದರೆ ಗೋಡೆಯ ಮೇಲಿರುವುದು ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್. ಅದರ ಮೇಲೆ ಎಷ್ಟೇ ದುಬಾರಿ ಎಮಲ್ಷನ್ ಹಚ್ಚಿದರೂ ಅದು ಗೋಡೆಗೆ ಅಂಟುವುದಿಲ್ಲ, ಉದುರುವ ಪುಡಿಗೆ ಅಂಟುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಹೀಗಾಗಿ ಸುಣ್ಣದ ಗೋಡೆಗೆ ಎರಡೇ ದಾರಿ. ಸುಣ್ಣವನ್ನೇ ಮುಂದುವರಿಸುವುದು ಒಂದು. ಇಲ್ಲವೇ ಗಾರೆ ಕಾಣುವವರೆಗೆ ಕೆರೆದು, ತೊಳೆದು, ಒಣಗಿಸಿ, ಪ್ರೈಮರ್ ಹಚ್ಚಿ ಎಮಲ್ಷನ್‌ಗೆ ಹೋಗುವುದು. ಕೆರೆಯುವುದು ಬೇಸರದ ಕೆಲಸ, ಆದರೆ ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ. ಒಂದು ತಗಡಿನ ಪಟ್ಟಿ, ಒಂದು ಬಕೆಟ್ ನೀರು, ಮೂಗಿಗೆ ಬಟ್ಟೆ ಇದ್ದರೆ ಸಾಕು. ಹಿಂದಿನ ಸಂಜೆ ಗೋಡೆಗೆ ನೀರು ಚಿಮುಕಿಸಿಟ್ಟರೆ ಧೂಳು ಕಡಿಮೆ, ಪೊರೆ ಸಲೀಸಾಗಿ ಬರುತ್ತದೆ.

ಇನ್ನೊಂದು ಪರೀಕ್ಷೆ ತೇವದ್ದು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪು ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆಯೊಳಗೆ ನೀರಿದೆ ಎಂದರ್ಥ. ಆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕದೆ ಹಚ್ಚುವ ಬಣ್ಣ ದಂಡ. ಮಾಳಿಗೆಯ ನೀರು ಹೋಗುವ ತೂಬು ಕಟ್ಟಿರಬಹುದು, ಬಚ್ಚಲಿನ ಪೈಪು ಸೋರುತ್ತಿರಬಹುದು, ಹಿತ್ತಲಿನ ಮಣ್ಣು ಗೋಡೆಗೆ ಒತ್ತಿ ಏರಿ ಕೂತಿರಬಹುದು. ಕೊನೆಯದಕ್ಕೆ ಮದ್ದು ಒಂದು ಸಲಿಕೆ ಮಾತ್ರ. “ವಾಟರ್‌ಪ್ರೂಫ್” ಎಂದು ಬರೆದ ಡಬ್ಬಿ ಅಲ್ಲಿ ಕೆಲಸಕ್ಕೆ ಬಾರದು. ಒಳಗಿನ ನೀರು ಬೇರೆ ಜಾಗದಲ್ಲಿ ಹೊರಬರುತ್ತದೆ, ಅಷ್ಟೆ.

ಗೋಡೆಯ ಮೇಲೆ ಬಿಳಿಯ ಪುಡಿ ಹೂವಿನಂತೆ ಅರಳಿದ್ದರೆ ಅದು ಉಪ್ಪು. ಇಟ್ಟಿಗೆ, ಮರಳು, ಗಾರೆ ಕಲಸಿದ ನೀರು, ಇವುಗಳಲ್ಲಿದ್ದ ಲವಣ ತೇವದ ಜೊತೆ ಹೊರಬಂದು, ನೀರು ಆರಿದ ಮೇಲೆ ಅಲ್ಲೇ ಉಳಿದಿರುತ್ತದೆ. ಸವುಳು ಬೋರ್‌ವೆಲ್ ನೀರಲ್ಲಿ ಕಲಸಿದ ಗಾರೆಗೆ ಈ ಕಾಟ ಹೆಚ್ಚು. ಒದ್ದೆ ಬಟ್ಟೆಯಿಂದ ಒರೆಸಿದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಕೆಡವಿ, ಗುಡಿಸಿ, ಹೊರಗೆ ಚೆಲ್ಲಬೇಕು. ಸುಣ್ಣ ಕಲಸುವುದಕ್ಕೂ ನಲ್ಲಿಗೆ ಹೊಳೆ ನೀರು ಬರುವ ದಿನ ಹಿಡಿದಿಟ್ಟುಕೊಳ್ಳುವುದು ಒಳ್ಳೆಯದು.

ಈ ಭಾಗಕ್ಕೆ ಎರೆಭೂಮಿಯ ತೊಂದರೆಯೂ ಇದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಡಿಪಾಯ ಸಾಕಷ್ಟು ಆಳಕ್ಕೆ ಹೋಗಿರದ ಮನೆಯ ಗೋಡೆಗಳೂ ವರ್ಷವರ್ಷ ಅದರ ಜೊತೆ ಅಲುಗುತ್ತವೆ. ಕೂದಲೆಳೆಯಷ್ಟು ಬಿರುಕಿಗೆ ಗಟ್ಟಿಯಾಗುವ ಪುಟ್ಟಿ ತುಂಬಿದರೆ ಮುಂದಿನ ಏಪ್ರಿಲ್‌ನಲ್ಲಿ ಅದೇ ಗೆರೆಯಲ್ಲಿ ಒಡೆಯುತ್ತದೆ. ಅಲ್ಲಿಗೆ ಬೇಕಾದದ್ದು ಒಣಗಿದ ಮೇಲೂ ಬಳುಕುವ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್. ಬಿರುಕನ್ನು ಚಾಕುವಿನ ಮೊನೆಯಿಂದ ಇಂಗ್ಲಿಷಿನ ವಿ ಅಕ್ಷರದ ಹಾಗೆ ಸ್ವಲ್ಪ ಅಗಲಿಸಿ, ಧೂಳು ತೆಗೆದು ತುಂಬಬೇಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ನಾಣ್ಯ ತೂರುವಷ್ಟು ಅಗಲವಾದ ಬಿರುಕಿದ್ದರೆ ಪೇಂಟರ್ ಬಿಡಿ, ಗೌಂಡಿಯನ್ನು ಕರೆಸಿ.

ಸುಣ್ಣ ಬಡವರದ್ದು ಎಂದು ಯಾರು ಹೇಳಿದರೋ

ಮಣ್ಣಿನ ಗೋಡೆಯ ಮಾಳಿಗೆ ಮನೆ, ಹಂಚಿನ ಮನೆ ಇನ್ನೂ ಉಳಿಸಿಕೊಂಡವರಿಗೆ ಒಂದು ಮಾತು: ಆ ಗೋಡೆಗೆ ಎಮಲ್ಷನ್, ಆಯಿಲ್ ಪೇಂಟ್ ಹಚ್ಚಬೇಡಿ. ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತಿರುತ್ತದೆ. ಪ್ಲಾಸ್ಟಿಕ್ ಪೊರೆಯಂಥ ಬಣ್ಣ ಆ ದಾರಿಯನ್ನು ಮುಚ್ಚಿಬಿಡುತ್ತದೆ. ತೇವ ಒಳಗೇ ನಿಂತು ಮಣ್ಣು ಸಡಿಲಾಗುತ್ತದೆ, ಮೇಲಿನ ಬಣ್ಣ ಗುಳ್ಳೆ ಏಳುತ್ತದೆ. ಸುಣ್ಣದಲ್ಲಿ ಸಣ್ಣ ರಂಧ್ರಗಳಿರುವುದರಿಂದ ಗೋಡೆ ಉಸಿರಾಡುತ್ತದೆ.

ಸುಣ್ಣ ಗಟ್ಟಿಯಾಗುವ ಬಗೆಯೇ ಬೇರೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರಿಗೆ ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಲ್ಲಿನ ಅದೇ ಅನಿಲವನ್ನು ನಿಧಾನಕ್ಕೆ ಹೀರಿ ಮತ್ತೆ ಕಲ್ಲಾಗುತ್ತದೆ. ಹಚ್ಚಿದ ದಿನ ಮಂಕಾಗಿ ಕಂಡ ಸುಣ್ಣ ಎರಡು ದಿನ ಬಿಟ್ಟು ಬೆಳ್ಳಗಾಗುವುದು ಇದಕ್ಕೇ. ಬಿಸಿಲಿಗೆ ಕಾದ ಗೋಡೆಗೆ ಹಚ್ಚಿದರೆ ಕಲ್ಲಾಗುವ ಮುಂಚೆಯೇ ನೀರು ಆರಿ, ಸುಣ್ಣ ಪುಡಿಯಾಗಿ ಉದುರುತ್ತದೆ. ಮೊದಲು ಗೋಡೆಗೆ ನೀರು ಚಿಮುಕಿಸಿ, ಬೆಳಗಿನ ಹೊತ್ತು ಅಥವಾ ನೆರಳು ಬಂದ ಮೇಲೆ ಹಚ್ಚಬೇಕು.

ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್ ಬೇಡ, ಬಿಸಿಗೆ ಮೆತ್ತಗಾಗುತ್ತದೆ. ಕಬ್ಬಿಣದ ಡ್ರಮ್ಮೋ ಹಳೆಯ ಬಾನಿಯೋ ಇರಲಿ. ನೀರಿಗೆ ಸುಣ್ಣದ ಹಳಕುಗಳನ್ನು ಸ್ವಲ್ಪಸ್ವಲ್ಪವೇ ಬಿಡಿ. ಮಕ್ಕಳು, ದನಕರು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಕಣ್ಣಿಗೆ ಒಂದು ಹನಿ ಸಿಡಿದರೂ ತಕ್ಷಣ ಧಾರಾಳ ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು. ಒಂದೆರಡು ದಿನ ಹಾಗೇ ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿ, ಅಂಟು ಇಲ್ಲವೇ ಅಕ್ಕಿ ಗಂಜಿ ಬೆರೆಸಿದರೆ ಗೋಡೆ ಹಿಡಿದು ನಿಲ್ಲುತ್ತದೆ. ಕಲಸಿದ್ದು ಹಾಲಿನಷ್ಟು ತೆಳ್ಳಗಿರಲಿ. ದಪ್ಪ ಹಚ್ಚಿದರೆ ಬೇಗ ಮುಗಿಯಿತು ಎನಿಸುತ್ತದೆ, ಆದರೆ ದಪ್ಪ ಪದರವೇ ಮೊದಲು ಬಿರಿಯುವುದು. ತೆಳುವಾಗಿ ಎರಡು ಮೂರು ಕೋಟ್, ಒಂದು ಅಡ್ಡ, ಒಂದು ಉದ್ದ.

ಸುಣ್ಣಕ್ಕೆ ಬೆರೆಸುವ ಬಣ್ಣದಲ್ಲೂ ಒಂದು ಗುಟ್ಟಿದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಲೋಕಪ್ರಸಿದ್ಧ. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕ ಈ ಕಾಯಿಗೆ ಬೆಲೆ ಕಟ್ಟುವುದೇ ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಅದರಿಂದ ತೆಗೆದ ಓಲಿಯೋರೆಸಿನ್ ಅಡುಗೆಗೂ ತುಟಿಬಣ್ಣಕ್ಕೂ ಹೋಗುತ್ತದೆ. ಆದರೆ ಆ ಕೆಂಪು ಬಿಸಿಲು, ಬೆಳಕಿಗೆ ನಿಲ್ಲುವುದಿಲ್ಲ. ಊರಿನ ವ್ಯಾಪಾರಿಗಳು ಕಾಯಿಯನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುವುದಕ್ಕೆ ಇದೂ ಒಂದು ಕಾರಣ. ಗಿಡದಿಂದ ಬಂದ ಬಣ್ಣಗಳ ಹಣೆಬರಹ ಹೆಚ್ಚುಕಡಿಮೆ ಇಷ್ಟೇ, ಅರಿಷಿಣವೂ ಹಾಗೆಯೇ. ಮಣ್ಣಿನಿಂದ ಬಂದ ಬಣ್ಣ ಮಾತ್ರ ಬಿಸಿಲಿಗೆ ಜಗ್ಗುವುದಿಲ್ಲ. ಕೆಮ್ಮಣ್ಣು, ಹುರಮಂಜು, ಹಳದಿ ಮಣ್ಣು, ಇವುಗಳ ಕೆಂಪು-ಹಳದಿ ಕಬ್ಬಿಣದ ಆಕ್ಸೈಡಿನದು. ಅದು ಮೊದಲೇ ತುಕ್ಕಾಗಿರುವ ವಸ್ತು, ಇನ್ನು ಕೆಡುವುದೇನು? ಹಳ್ಳಿಯ ಗೋಡೆಯ ಕೆಳಗಿನ ಕೆಂಪು ಪಟ್ಟಿ, ಗುಡಿಯ ಸುಣ್ಣ-ಕಾವಿಯ ಗೆರೆಗಳು ವರ್ಷಗಟ್ಟಲೆ ಮಾಸದಿರುವುದು ಇದರಿಂದಲೇ. ನೀಲಿಯಲ್ಲೂ ಇಂಥದೇ ವ್ಯತ್ಯಾಸ. ಬಟ್ಟೆಗೆ ಹಾಕುತ್ತಿದ್ದ ಹಳೆಯ ಪುಡಿ ನೀಲಿ ಅಲ್ಟ್ರಾಮೆರಿನ್ ಎಂಬ ಖನಿಜ ಬಣ್ಣ, ಸುಣ್ಣದ ಕ್ಷಾರವನ್ನು ತಡೆದುಕೊಳ್ಳುತ್ತದೆ. ಬಾಟಲಿಯ ದ್ರವ ನೀಲಿ ಬಟ್ಟೆಗಾಗಿ ಮಾಡಿದ ಡೈ. ಗೋಡೆಗೆ ಅದನ್ನು ನಂಬಿಕೊಳ್ಳಬೇಡಿ.

ಮಾಳಿಗೆಗೂ ಸುಣ್ಣವೇ. ಆರ್‌ಸಿಸಿ ಚಾವಣಿಯನ್ನು ಗುಡಿಸಿ, ತೊಳೆದು, ಮಾರ್ಚ್ ಬರುವ ಮುಂಚೆ ಅಂಟು ಬೆರೆಸಿದ ಸುಣ್ಣ ಎರಡು ಕೋಟ್ ಹಚ್ಚಿದರೆ ಬಿಳುಪು ಬಿಸಿಲನ್ನು ತಿರುಗಿಸಿ ಕಳಿಸುತ್ತದೆ. ಕೆಳಗಿನ ಕೋಣೆಯ ಕಾವು ಇಳಿದದ್ದು ರಾತ್ರಿ ಫ್ಯಾನಿನ ಗಾಳಿಯಲ್ಲೇ ಗೊತ್ತಾಗುತ್ತದೆ. ಈ ಲೇಖನದಲ್ಲಿ ಹೇಳಿದ್ದರಲ್ಲಿ ಒಂದನ್ನಷ್ಟೇ ಆರಿಸಿ ಎಂದರೆ ನಾನು ಇದನ್ನೇ ಹೇಳುವೆ. ಮಾಳಿಗೆಯ ಮಳೆನೀರು ತೊಟ್ಟಿಗೆ ಹಿಡಿಯುವವರು ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಟ್ಟುಬಿಡಿ.

ಡಬ್ಬಿಯ ಲೆಕ್ಕ

ಸಿಮೆಂಟ್ ಗೋಡೆಗೆ ಬರೋಣ. ಹೊಸ ಪ್ಲಾಸ್ಟರ್ ಆದರೆ ಕನಿಷ್ಠ 28 ದಿನ ಕಾಯಬೇಕು. ಗೃಹಪ್ರವೇಶದ ಮುಹೂರ್ತ ಅಷ್ಟು ಕಾಯದಿದ್ದರೆ ಸದ್ಯಕ್ಕೆ ಗೋಡೆಗೆ ಏನೂ ಹಚ್ಚದೆ ಸತ್ಯನಾರಾಯಣ ಪೂಜೆ ಮುಗಿಸಿ. ಬಣ್ಣ ಆಮೇಲಾಗಲಿ.

ಹತ್ತಡಿ-ಹನ್ನೆರಡಡಿ ಕೋಣೆ, ಎತ್ತರ ಹತ್ತಡಿ ಎನ್ನಿ. ನಾಲ್ಕು ಗೋಡೆಯ ಸುತ್ತಳತೆ 44 ಅಡಿ, ಎತ್ತರದಿಂದ ಗುಣಿಸಿದರೆ 440 ಚದರಡಿ. ಬಾಗಿಲು, ಕಿಟಕಿ ಕಳೆದರೆ ಹತ್ತಿರಹತ್ತಿರ 400. ಒಳಗೋಡೆಯ ಎಮಲ್ಷನ್ ನುಣುಪಾದ ಗೋಡೆಗೆ ಎರಡು ಕೋಟ್ ಹಚ್ಚಿದಾಗ ಲೀಟರಿಗೆ ಸುಮಾರು 120 ಚದರಡಿ ಬರುತ್ತದೆ. ಅಂದರೆ ನಾಲ್ಕು ಲೀಟರಿನ ಒಂದು ಡಬ್ಬಿ ಸಾಕು, ತುಸು ಉಳಿಯುತ್ತದೆ. ಹೊರಗೋಡೆ ಒರಟು, ಹೀರುವುದು ಜಾಸ್ತಿ. ಅಲ್ಲಿ ಅದರ ಅರ್ಧದಷ್ಟೇ ಲೆಕ್ಕ ಹಿಡಿಯಿರಿ. ಡಬ್ಬಿಯ ಮೇಲೆ ಬರೆದ ಅಂಕಿ ನುಣುಪು ಗೋಡೆಯದು. ನಮ್ಮ ಗೌಂಡಿಗಳ ಕೈಯ ಗೋಡೆಗೆ ಅದರಲ್ಲಿ ಕಾಲುಭಾಗ ಕಳೆದುಕೊಂಡರೆ ಅಂಗಡಿಗೆ ಎರಡನೇ ಸಲ ಓಡುವುದು ತಪ್ಪುತ್ತದೆ.

ಗಾಢ ಬಣ್ಣಗಳಿಗೆ ಮಿಷನ್‌ನಲ್ಲಿ ಹೆಚ್ಚು ಸ್ಟೇನರ್ ಬೀಳುತ್ತದೆ, ಹಾಗಾಗಿ ಬೆಲೆ ಹೆಚ್ಚು. ಬೇಗ ಮಾಸುವುದೂ ಅವೇ. ಒಮ್ಮೆ ಮಿಷನ್‌ನಲ್ಲಿ ಬೆರೆಸಿದ ಬಣ್ಣವನ್ನು ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳುವುದಿಲ್ಲ. ಎಲ್ಲ ಕೋಣೆಗೂ ಒಂದೇ ತೆಳು ಬಣ್ಣ ಇಟ್ಟುಕೊಂಡು ದೊಡ್ಡ ಡಬ್ಬಿ ಕೊಂಡರೆ ಲೀಟರಿನ ದರ ಇಳಿಯುತ್ತದೆ. ಚಾವಣಿಗೆ ಬಿಳಿ ಬಿಟ್ಟು ಬೇರೇನೂ ಬೇಡ. ಬಣ್ಣ ಬೇಕೇ ಬೇಕು ಎನ್ನುವ ಮಕ್ಕಳಿಗೆ ಒಂದೇ ಗೋಡೆ ಬಿಟ್ಟುಕೊಡಿ.

ನಮ್ಮ ಕಡೆಯ ಹಳೆಯ ಪದ್ಧತಿಯೊಂದನ್ನು ಈಗಿನವರು ಬಿಟ್ಟಿದ್ದು ತಪ್ಪು ಎನಿಸುತ್ತದೆ: ಗೋಡೆಯ ಕೆಳಗೆ ಮೂರು-ನಾಲ್ಕು ಅಡಿ ಎತ್ತರಕ್ಕೆ ಆಯಿಲ್ ಪೇಂಟಿನ ಪಟ್ಟಿ, ಅದರ ಮೇಲೆ ಡಿಸ್ಟೆಂಪರ್. ಒರಗುವ ತಲೆ, ಮಕ್ಕಳ ಕೈ, ನೆಲ ಒರೆಸುವ ಬಟ್ಟೆ ಎಲ್ಲ ತಾಗುವುದು ಆ ಪಟ್ಟಿಗೇ. ಸೋಪಿನ ನೀರಲ್ಲಿ ಒರೆಸಿದರೆ ಹೋಗುತ್ತದೆ. ಮಾಸದ ಮೇಲ್ಭಾಗಕ್ಕೆ ಕಡಿಮೆ ಬೆಲೆಯ ಡಿಸ್ಟೆಂಪರ್ ನಡೆಯುತ್ತದೆ, ಮುಂದಿನ ಸಲ ಅಷ್ಟನ್ನೇ ಹಚ್ಚಿದರಾಯಿತು. ಆದರೆ ತೇವ ಏರುವ ಗೋಡೆಗೆ ಈ ಪಟ್ಟಿ ಬೇಡ.

ಅಡುಗೆಮನೆಯ ಗೋಡೆಯಲ್ಲಿ ಒಗ್ಗರಣೆಯ ಜಿಡ್ಡು ಇರುತ್ತದೆ. ಸೋಪಿನ ಪುಡಿ ಹಾಕಿದ ಬಿಸಿನೀರಲ್ಲಿ ತೊಳೆದು ಒಣಗಿಸದೆ ಹಚ್ಚಿದರೆ ಬಣ್ಣ ಕಣ್ಣುಕಣ್ಣಾಗಿ ಒಡೆಯುತ್ತದೆ. ಖಾರದ ಪುಡಿ ತಾಗಿದ ಕಲೆಯನ್ನು ಬರೀ ನೀರಲ್ಲಿ ಉಜ್ಜಬೇಡಿ. ಆ ಕೆಂಪು ಎಣ್ಣೆಯಲ್ಲಿ ಕರಗುವಂಥದು, ನೀರಿಗೆ ಬಗ್ಗದೆ ಇನ್ನಷ್ಟು ಹರಡುತ್ತದೆ.

ಖಾದಿ ಗ್ರಾಮೋದ್ಯೋಗ ಆಯೋಗ 2021ರ ಜನವರಿ 12ರಂದು ಬಿಡುಗಡೆ ಮಾಡಿದ ಸೆಗಣಿಯ ಪ್ರಾಕೃತಿಕ ಪೇಂಟ್ ಬಗ್ಗೆ ಕೇಳುವವರಿದ್ದಾರೆ. ಬಿಡುಗಡೆಯ ಹೊತ್ತಿಗೆ ಡಿಸ್ಟೆಂಪರ್ ಲೀಟರಿಗೆ 120 ರೂಪಾಯಿ, ಎಮಲ್ಷನ್ 225 ರೂಪಾಯಿ ಇತ್ತು. ಸಿಕ್ಕರೆ ಒಂದು ಕೋಣೆಗೆ ಹಚ್ಚಿ ನೋಡಬಹುದು. ಗೋಡೆ ಸಿದ್ಧ ಮಾಡುವ ಕೆಲಸ ಇದಕ್ಕೂ ತಪ್ಪಿದ್ದಲ್ಲ.

ಇನ್ನು ಪೇಂಟರ್ ಜೊತೆಗಿನ ಮಾತು. ಮೆಟೀರಿಯಲ್ ಸಮೇತ ಗುತ್ತಿಗೆ ಕೊಟ್ಟರೆ ನಿಮಗೆ ಓಡಾಟವಿಲ್ಲ, ಆದರೆ ಎಷ್ಟು ನೀರು ಬೆರೆಯಿತು ಎನ್ನುವುದು ಕಾಣುವುದಿಲ್ಲ. ಬಣ್ಣ ನೀವೇ ತಂದು ಕೂಲಿ ಮಾತ್ರ ಚದರಡಿಗೆ ಮಾತಾಡಿಕೊಳ್ಳುವುದು ಮಧ್ಯಮ ದಾರಿ. ಕೆರೆಯುವುದು, ತೊಳೆಯುವುದು, ಎಷ್ಟು ಕೋಟ್ ಎಂಬುದನ್ನು ಮೊದಲೇ ಆಡಿ ಮುಗಿಸಿ. ಹಲವು ಕಂಪನಿಗಳ ಡಬ್ಬಿಯೊಳಗೆ ಪೇಂಟರ್‌ಗಳಿಗೆಂದೇ ಟೋಕನ್ ಇರುತ್ತದೆ. “ಇದ ಕಂಪನೀದ ತರ್ರಿ” ಎನ್ನುವ ಒತ್ತಾಯದಲ್ಲಿ ಅದರ ಪಾಲೂ ಇರಬಹುದು. ಅದರಲ್ಲಿ ಬೇಸರಪಡುವಂಥದ್ದೇನಿಲ್ಲ, ತಿಳಿದಿದ್ದರೆ ಸಾಕು.

ಹಬ್ಬದ ವಾರದಲ್ಲಿ ಪೇಂಟರ್ ಸಿಗುವುದೇ ಕಷ್ಟ, ಸಿಕ್ಕರೂ ಕೂಲಿ ಏರಿರುತ್ತದೆ. ಮಳೆಯ ತೇವ ಗೋಡೆಯಿಂದ ಪೂರಾ ಹೋಗಿರುವುದಿಲ್ಲ ಕೂಡ. ಹೊರಗೋಡೆಗೆ ಸರಿಯಾದ ಕಾಲ ದೀಪಾವಳಿ ದಾಟಿದ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಮಹಾನವಮಿಗೆ ಒಳಗಿನದು ಮುಗಿಸಿಕೊಂಡು ಹೊರಗಿನದನ್ನು ಚಳಿಗೆ ಬಿಡುವುದು ಜಾಣತನ.

ಬಾಗಿಲು, ಗೇಟು, ಹಿತ್ತಲು

ಹಳೆಯ ಸಾಗವಾನಿ ಬಾಗಿಲು, ಕೆತ್ತನೆಯ ಚೌಕಟ್ಟು ಇದ್ದವರು ದಯವಿಟ್ಟು ಅದಕ್ಕೆ ಚಾಕಲೇಟ್ ಬಣ್ಣದ ಆಯಿಲ್ ಪೇಂಟ್ ಬಳಿಯಬೇಡಿ. ಕಲ್ಲಿನ ಕಂಬಕ್ಕೂ ಅಷ್ಟೇ. ಮರವನ್ನು ಉಪ್ಪುಕಾಗದದಲ್ಲಿ ಎಳೆಯ ಉದ್ದಕ್ಕೆ ಉಜ್ಜಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ತಿಕ್ಕಿದರೆ ಸಾಕು. ಅಗಸಿ ಚಟ್ನಿ ತಿಂದು ಬೆಳೆದವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಗಾಳಿಗೆ ಗಟ್ಟಿಯಾಗಿ ಪೊರೆ ಕಟ್ಟುವ ಗುಣದಿಂದಾಗಿ ಹಿಂದಿನ ಎಣ್ಣೆ ಬಣ್ಣಗಳೆಲ್ಲ ಇದರ ಮೇಲೇ ನಿಂತಿದ್ದವು. ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೇ ಕಾವೇರಿ ತಾನಾಗಿ ಹೊತ್ತಿಕೊಳ್ಳುವುದುಂಟು. ನೀರಲ್ಲಿ ನೆನೆಸಿ, ಬಿಡಿಸಿ ಒಣಗಹಾಕಿ.

ಹಳೆಯ ಕಿಟಕಿ ಬಾಗಿಲುಗಳ ಆಯಿಲ್ ಪೇಂಟನ್ನು ನೀರು ಹಾಕದೆ ಒಣಗಿದ್ದ ಹಾಗೆಯೇ ಉಜ್ಜುವುದು ಅಪಾಯ. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಪದರಗಳಲ್ಲಿ ಎಷ್ಟಿದೆಯೋ ಏನೋ. ನೀರು ಹಾಕಿಕೊಂಡು ಉಜ್ಜಿ, ಬಿದ್ದದ್ದನ್ನು ಒದ್ದೆ ಬಟ್ಟೆಯಲ್ಲಿ ಬಾಚಿ ತೆಗೆಯಿರಿ. ಆ ಹೊತ್ತಿಗೆ ಬಸುರಿ, ಬಾಣಂತಿ, ಚಿಕ್ಕ ಮಕ್ಕಳು ಹತ್ತಿರ ಇರುವುದು ಬೇಡ.

ಕಬ್ಬಿಣದ ಗೇಟಿಗೆ ಪೂರ್ತಿ ಬಣ್ಣ ಯಾವಾಗಲೂ ಬೇಕಾಗುವುದಿಲ್ಲ. ತುಕ್ಕು ಎದ್ದ ಕಡೆ ಮಾತ್ರ ವೈರ್ ಬ್ರಷ್‌ನಿಂದ ಲೋಹ ಮಿನುಗುವವರೆಗೆ ಉಜ್ಜಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಎನಾಮಲ್. ತುಕ್ಕಿನ ಮೇಲೇ ಹಚ್ಚಿದರೆ ಅದು ಬಣ್ಣದಡಿಯಲ್ಲಿ ತನ್ನ ಕೆಲಸ ನಡೆಸುತ್ತಲೇ ಇರುತ್ತದೆ. ಗೇಟಿನ ಕೆಳಗಿನ ಅಂಚನ್ನು ಯಾರೂ ಬಗ್ಗಿ ನೋಡುವುದಿಲ್ಲ, ಮೊದಲು ತಿಂದುಹೋಗುವುದು ಅದೇ.

ಹಿತ್ತಲಿನಲ್ಲಿ ಹೆಚ್ಚು ಮಂದಿ ಎಡವುವುದು ಮಣ್ಣಿನ ಕುಂಡದಲ್ಲಿ. ಒಳಗೂ ಹೊರಗೂ ಎನಾಮಲ್ ಹಚ್ಚಿದರೆ ಕುಂಡದ ಮೈಯಿಂದ ನೀರು ಆರುವುದು ನಿಂತು ಬೇರು ಕೊಳೆಯುತ್ತದೆ. ಮಣ್ಣಿನ ಕುಂಡಕ್ಕೆ ಕಾವಿಯನ್ನು ನೀರಲ್ಲಿ ಕಲಸಿ ಹೊರಮೈಗಷ್ಟೇ ಹಚ್ಚಿ. ಎಣ್ಣೆ ಡಬ್ಬಿ, ತಗಡಿನ ಡ್ರಮ್ ಕುಂಡವಾದರೆ ತಳಕ್ಕೆ ತೂತು ಹೊಡೆದು, ಹೊರಗೆ ಪ್ರೈಮರ್, ಮೇಲೆ ತಿಳಿ ಬಣ್ಣ. ರಾಣೆಬೆನ್ನೂರಿನ ಏಪ್ರಿಲ್ ಬಿಸಿಲಿಗೆ ಕಪ್ಪು, ಕಡುನೀಲಿ ಡಬ್ಬಿಯೊಳಗಿನ ಬೇರು ಬೇಯುತ್ತದೆ. ತುಳಸಿಕಟ್ಟೆಗೆ ದಿನವೂ ನೀರು ಬೀಳುವುದರಿಂದ ಎಮಲ್ಷನ್ ಸಿಪ್ಪೆ ಏಳುತ್ತದೆ. ಸುಣ್ಣ-ಕಾವಿ ಇಲ್ಲವೇ ಸಿಮೆಂಟ್ ಪೇಂಟ್ ಸರಿ. ಸಿಮೆಂಟ್ ಪೇಂಟನ್ನು ಒದ್ದೆ ಮಾಡಿದ ಮೈಗೆ ಹಚ್ಚಬೇಕು, ಕಲಸಿದ್ದನ್ನು ಗಟ್ಟಿಯಾಗುವ ಮುಂಚೆ ಮುಗಿಸಬೇಕು, ಮರುದಿನದಿಂದ ನೀರು ಚಿಮುಕಿಸಬೇಕು.

ಅಂಗಳದಲ್ಲಿ ಸಿಮೆಂಟಿನ ಎತ್ತು, ನವಿಲು ಇಡುವ ಆಸೆ ಇದ್ದವರು ಹೆದ್ದಾರಿ ಪಕ್ಕದ ಗೊಟಗೋಡಿಗೆ ಒಮ್ಮೆ ಹೋಗಿ ಬನ್ನಿ. ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ್ ರಾಕ್ ಗಾರ್ಡನ್ನಿನಲ್ಲಿ ಆಳೆತ್ತರದ ಸಿಮೆಂಟ್ ಮಂದಿ ಬಯಲಲ್ಲೇ ಒಕ್ಕುತ್ತ, ಹೊಲ ಉಳುತ್ತ, ಸಂತೆ ಮಾಡುತ್ತ ನಿಂತಿದ್ದಾರೆ. ಬಣ್ಣ ಕಣ್ಣು ಕುಕ್ಕುವಂತಿದ್ದರೆ ಅವರು ಗೊಂಬೆಗಳಾಗಿ ಬಿಡುತ್ತಿದ್ದರು. ಮೈಬಣ್ಣ, ಧೋತರದ ಬಿಳುಪು, ಸೀರೆಯ ಕೆಂಪು ನಮ್ಮ ಊರಿನವೇ ಆದ್ದರಿಂದ ದೂರದಿಂದ ನೋಡಿದವರು ಒಂದು ಗಳಿಗೆ ಮೋಸಹೋಗುತ್ತಾರೆ. ಮನೆ ಮುಂದಿನ ನವಿಲಿಗೂ ಹಸಿರು ಡಬ್ಬಿ ಸುರಿಯುವ ಮುಂಚೆ ಇದನ್ನು ನೆನೆಯಬಹುದು.

ಗಿಡಕ್ಕೂ ಸುಣ್ಣ ಉಂಟು. ಎಳೆಯ ಅಡಕೆ ಮರದ ಕಾಂಡಕ್ಕೆ ನೈಋತ್ಯದ ಇಳಿಬಿಸಿಲು ನೇರ ಬಡಿದರೆ ಸುಟ್ಟು ಸೀಳುತ್ತದೆ. ತೋಟಗಾರರು ಆ ಬದಿಗೆ ಸುಣ್ಣ ಹಚ್ಚುವುದು ಅಲಂಕಾರಕ್ಕಲ್ಲ. ಹಿತ್ತಲಿನಲ್ಲಿ ನಾಲ್ಕೇ ಅಡಕೆ ಇದ್ದರೂ ಇದು ನಡೆಯುತ್ತದೆ. ಮರದ ಬುಡಕ್ಕೆ ಆಯಿಲ್ ಪೇಂಟ್ ಮಾತ್ರ ಎಂದೂ ಹಚ್ಚಬೇಡಿ.

ಕೆಲಸ ಮುಗಿದ ಮೇಲೆ ಉಳಿದ ಎಮಲ್ಷನ್ನನ್ನು ಸಣ್ಣ ಡಬ್ಬಿಗೆ ಕಂಠಮಟ್ಟ ತುಂಬಿ, ಮುಚ್ಚಳ ಬಿಗಿದು, ಮೇಲೆ ಕೋಣೆಯ ಹೆಸರು, ಬಣ್ಣದ ನಂಬರು, ವರ್ಷ ಬರೆದಿಡಿ. ಮೊಳೆ ಕಿತ್ತ ತೂತಿಗೆ, ಸೋಫಾ ತರಚಿದ ಗುರುತಿಗೆ ಅದೇ ಬೇಕಾಗುತ್ತದೆ. ಬ್ರಷ್ ತೊಳೆದ ಟರ್ಪಂಟೈನ್ ಚರಂಡಿಗೆ ಸುರಿಯಬೇಡಿ. ಒಂದು ದಿನ ಬಿಟ್ಟರೆ ಬಣ್ಣ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಿಟ್ಟುಕೊಂಡರೆ ಮುಂದಿನ ಸಲಕ್ಕಾಯಿತು. ಡಬ್ಬಿಯ ತಳದಲ್ಲಿ ಉಳಿದ ರೆಡ್ ಆಕ್ಸೈಡ್ ಗಟ್ಟಿಯಾಗುವ ಮುಂಚೆ ಕುಂಟೆ, ಸಲಿಕೆಯ ಕಬ್ಬಿಣಕ್ಕೆ ಬಳಿದು ಮುಗಿಸಿ.